ಲಂಚದ ಪಿಡುಗು: ಲೋಕದ ಪ್ರಯತ್ನ, ನಮ್ಮೂರಿನ ಲೆಕ್ಕ

(ಸಂಘದ ರಜತ ಮಹೋತ್ಸವದ ಅಂಗವಾಗಿ ಸೇರಿದ್ದ ಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಾರಂಭದಲ್ಲಿ ಭ್ರಷ್ಟಾಚಾರದ ವಿಷಯ ಯಾಕಪ್ಪಾ ತೆಗೆದರು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮದುವೆ ಮನೆಯಲ್ಲಿ ಸಾಲದ ಮಾತೇಕೆ ಅನ್ನುವ ಹಾಗೆ. ಆದರೆ ಬೆಳ್ಳಿಹಬ್ಬ ಅಂದರೆ ಹಾರ ತುರಾಯಿ ಮಾತ್ರವಲ್ಲ, ಇಪ್ಪತ್ತೈದು ವರ್ಷದ ಲೆಕ್ಕ ಒಪ್ಪಿಸುವ ದಿನವೂ ಹೌದು ಎಂದು ನಾವು ತಿಳಿದಿದ್ದೇವೆ. ಆದ್ದರಿಂದ ಈ ವಿಷಯವನ್ನು ನಾವಾಗಿಯೇ ಆರಿಸಿಕೊಂಡೆವು.

ನಾವು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಕಡೆಯ ಸಂತೆಗೆ, ಕಚೇರಿಗೆ ಓಡಾಡಿದ ಜನ. ತೆಂಗು, ಅಡಿಕೆ, ರಾಗಿ, ಈರುಳ್ಳಿ ಬೆಳೆದು ಬದುಕುವವರು. ನಮಗೆ ಕೆರೆ ಅಂದರೆ ಗೊತ್ತು. ಮದಗದ ಕೆರೆ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ನೋಡಿದವರು. ಕೆರೆ ಏರಿ ಒಡೆಯುವುದು ಯಾವಾಗಲೂ ದೊಡ್ಡ ಪ್ರವಾಹದಿಂದಲೇ ಅಲ್ಲ. ಏಡಿ ಕೊರೆದ ಸಣ್ಣ ತೂತಿನಿಂದ ಮೊದಲು ನೀರು ಜಿನುಗುತ್ತದೆ. ನೋಡಿದವನು 'ನನಗ್ಯಾಕೆ' ಅಂತ ಮುಂದಕ್ಕೆ ಹೋಗುತ್ತಾನೆ. ಬೆಳಗಾಗುವಷ್ಟರಲ್ಲಿ ಏರಿಯೇ ಇರುವುದಿಲ್ಲ. ಲಂಚವೂ ಹೀಗೆಯೇ. ಅದಕ್ಕೆ ನಾವು ಮಾಮೂಲು ಅನ್ನುತ್ತೇವೆ, ಕಾಫಿ ಖರ್ಚು ಅನ್ನುತ್ತೇವೆ, ಕೈ ಬಿಸಿ ಮಾಡೋದು ಅನ್ನುತ್ತೇವೆ. ಹೆಸರು ಸಿಹಿ ಮಾಡಿದರೆ ವಿಷ ಬೆಲ್ಲವಾಗುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಹಾಂಕಾಂಗಿನ ಕತೆ ಕೇಳಿ. ಅಲ್ಲಿ 1960ರ ದಶಕದಲ್ಲಿ, 1970ರ ದಶಕದ ಮೊದಲಲ್ಲಿ ಲಂಚಕ್ಕೆ 'ಚಹಾ ಹಣ' ಅನ್ನುತ್ತಿದ್ದರು. ನಮ್ಮ ಕಾಫಿ ಖರ್ಚಿನ ಅಣ್ಣ ಅದು! ರೋಗಿಯನ್ನು ಆಂಬುಲೆನ್ಸಿಗೆ ಎತ್ತಿಹಾಕುವ ಮೊದಲು ಚಹಾ ಹಣ, ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ನೀರು ಬಿಡುವ ಮೊದಲು ಚಹಾ ಹಣ. 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ ಲೆಕ್ಕಕ್ಕೆ ಸಿಗದ ನಲವತ್ತು ಲಕ್ಷ ಹಾಂಕಾಂಗ್ ಡಾಲರಿಗೂ ಹೆಚ್ಚಿನ ಆಸ್ತಿ ಮಾಡಿ, ತನಿಖೆ ನಡೆಯುತ್ತಿರುವಾಗಲೇ ಇಂಗ್ಲೆಂಡಿಗೆ ಓಡಿಹೋದ. ಜನ ಬೀದಿಗಿಳಿದರು. ಅದರ ಫಲವಾಗಿ 1974ರಲ್ಲಿ ಪೊಲೀಸ್ ಇಲಾಖೆಗೆ ಸೇರದ ಒಂದು ಸ್ವತಂತ್ರ ಆಯೋಗ ಹುಟ್ಟಿತು. ಆ ಆಯೋಗ ಗಾಡ್ಬರನನ್ನು 1975ರಲ್ಲಿ ವಾಪಸು ಹಿಡಿದು ತಂದು ನಾಲ್ಕು ವರ್ಷ ಜೈಲಿಗೆ ಕಳಿಸಿತು. ಮಹನೀಯರೇ, ಆ ಆಯೋಗ ಹಿಡಿಯುವುದಷ್ಟೇ ಮಾಡಲಿಲ್ಲ. ಕಚೇರಿಗಳಲ್ಲಿ ಲಂಚಕ್ಕೆ ದಾರಿ ಮಾಡುವ ಪದ್ಧತಿಗಳನ್ನೇ ತಿದ್ದಿತು, ಶಾಲೆ ಕಾರ್ಖಾನೆಗಳಿಗೆ ಹೋಗಿ ಜನಕ್ಕೆ ತಿಳಿವಳಿಕೆ ಕೊಟ್ಟಿತು. ಹಿಡಿಯುವುದು, ತಡೆಯುವುದು, ತಿಳಿಸುವುದು, ಈ ಮೂರು ಕಾಲಿನ ಮೇಲೆ ಅದು ನಿಂತಿತು.

ಮುಂದೆ ಬೇರೆ ದೇಶಗಳೂ ಎದ್ದವು. ತನ್ನ ದೇಶದ ಕಂಪನಿಗಳು ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡಬಾರದು ಎಂದು ಅಮೆರಿಕ 1977ರಲ್ಲಿ ಕಾಯಿದೆ ಮಾಡಿತು. 1993ರಲ್ಲಿ ಜರ್ಮನಿಯ ಬರ್ಲಿನ್ನಿನಲ್ಲಿ 'ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್' ಎಂಬ ಸಂಸ್ಥೆ ಹುಟ್ಟಿ, 1995ರಿಂದ ದೇಶದೇಶಗಳ ಭ್ರಷ್ಟಾಚಾರದ ಪಟ್ಟಿ ಹಾಕತೊಡಗಿತು. 2003ರಲ್ಲಿ ವಿಶ್ವಸಂಸ್ಥೆಯೇ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆ ಮಾಡಿತು. ಮೆಕ್ಸಿಕೋ ದೇಶದ ಮೆರಿಡಾ ಪಟ್ಟಣದಲ್ಲಿ ಡಿಸೆಂಬರ್ 9ರಂದು ಅದಕ್ಕೆ ಸಹಿ ಹಾಕುವ ಕಾರ್ಯ ಆರಂಭವಾಯಿತು. ಆ ದಿನವನ್ನೇ ಈಗ ಅಂತಾರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ದಿನವಾಗಿ ಆಚರಿಸುತ್ತಾರೆ. ನಮ್ಮ ದೇಶ 2005ರಲ್ಲಿ ಸಹಿ ಹಾಕಿ 2011ರಲ್ಲಿ ಅದನ್ನು ಅಂಗೀಕರಿಸಿತು. ಕದ್ದ ಹಣ ಯಾವ ದೇಶದ ಬ್ಯಾಂಕಿನಲ್ಲಿದ್ದರೂ ಅದನ್ನು ಆ ದೇಶದ ಜನಕ್ಕೆ ಹಿಂದಿರುಗಿಸಬೇಕು ಎನ್ನುವುದು ಅದರ ಮುಖ್ಯ ತತ್ವಗಳಲ್ಲಿ ಒಂದು. ಇದು ಬರೀ ಮಾತಲ್ಲ. ನೈಜೀರಿಯಾದ ಸರ್ವಾಧಿಕಾರಿ ಅಬಾಚ ದೋಚಿ ಇಟ್ಟಿದ್ದ ಹಣದಲ್ಲಿ 70 ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ಸ್ವಿಟ್ಜರ್ಲೆಂಡ್ ದೇಶ ಆ ಬಡ ಜನರಿಗೆ ವಾಪಸು ಕೊಟ್ಟಿದೆ.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ನಾವು ಹಿಂದೆ ಬಿದ್ದವರಲ್ಲ. ಲೋಕಾಯುಕ್ತ ಕಾಯಿದೆ 1984ರಲ್ಲೇ ಆಗಿ, 1986ರಿಂದ ಸಂಸ್ಥೆ ಕೆಲಸಕ್ಕೆ ನಿಂತಿತು. 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಆಸ್ಪತ್ರೆ, ಕಚೇರಿಗಳಿಗೆ ತಾವೇ ದಿಢೀರನೆ ಹೋಗಿ ನಿಂತಾಗ 'ಲೋಕಾಯುಕ್ತ' ಅನ್ನುವ ಶಬ್ದ ಹಳ್ಳಿಯ ಮಕ್ಕಳ ಬಾಯಲ್ಲೂ ಬಂತು. ಆಮೇಲೆ ಬಂದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಬಳ್ಳಾರಿ ಕಡೆಯ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮೀರಿದ್ದು ಎಂದು ಅದರಲ್ಲಿ ಲೆಕ್ಕ ಇತ್ತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂಬ ಬೇರೆ ಪಡೆ ಮಾಡಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಕೊಟ್ಟರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಿ ಅಧಿಕಾರವನ್ನು ಮತ್ತೆ ಲೋಕಾಯುಕ್ತಕ್ಕೆ ಒಪ್ಪಿಸಿತು. ಕಾವಲುಗಾರನ ಕೋಲನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದಾದರೆ ಕಾವಲಿಗೆ ಅರ್ಥವಿಲ್ಲ ಎಂಬ ಪಾಠ ನಮಗೆ ಅದರಿಂದ ಆಯಿತು.

ನಮ್ಮ ಜಿಲ್ಲೆಯೇನೂ ಹೊರತಲ್ಲ. 2023ರಲ್ಲಿ ಕಡೂರು ಮತ್ತು ಮೂಡಿಗೆರೆ ತಾಲ್ಲೂಕುಗಳಲ್ಲಿ ಸರ್ಕಾರಿ ಜಮೀನು ಮಂಜೂರಾತಿಯಲ್ಲಿ ಅಕ್ರಮ ನಡೆದಿದೆ ಎಂಬ ದೂರಿನ ಮೇಲೆ ಸರ್ಕಾರ ತಹಸೀಲ್ದಾರರ ತಂಡವನ್ನೇ ನೇಮಿಸಿ ಕಡತಗಳನ್ನು ಪರಿಶೀಲನೆ ಮಾಡಿಸಿತು. ಯಾರು ತಪ್ಪಿತಸ್ಥರು ಎಂದು ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಒಂದು ಮಾತು. ಬಗರ್‌ಹುಕುಂ ಸಾಗುವಳಿ ಚೀಟಿಗಾಗಿ ಮೂವತ್ತು ವರ್ಷ ಉಳುಮೆ ಮಾಡಿ ಕಾದ ಬಡವ ಒಬ್ಬ. ಹೊಲ ಹೇಗಿದೆ ಅಂತ ನೋಡದೆಯೇ ಕಾಗದ ಮಾಡಿಸಿಕೊಂಡವ ಇನ್ನೊಬ್ಬ. ಇಂಥ ಕಡೆ ಹೋದದ್ದು ಸರ್ಕಾರದ ಜಮೀನಷ್ಟೇ ಅಲ್ಲ, ಆ ಬಡವನ ಸರದಿ. ಭ್ರಷ್ಟಾಚಾರ ಸಮಾಜಕ್ಕೆ ಮಾಡುವ ದೊಡ್ಡ ಕೇಡು ಇದೇ. ಹಣ ಹೋದರೆ ಸಂಪಾದಿಸಬಹುದು, 'ಸರದಿಯಲ್ಲಿ ನಿಂತರೆ ನನಗೂ ಸಿಗುತ್ತದೆ' ಎಂಬ ನಂಬಿಕೆ ಹೋದರೆ ಅದನ್ನು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಪದ್ಧತಿ ತಿದ್ದಿದರೆ ಲಂಚ ತಗ್ಗುತ್ತದೆ ಎನ್ನುವುದಕ್ಕೆ ನಮ್ಮ ಪಹಣಿಯೇ ಸಾಕ್ಷಿ. ಹಿಂದೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ಚೀಲದಲ್ಲಿ ಇರುತ್ತಿತ್ತು. ಅವರು ಸಿಕ್ಕಾಗ, ಅವರ ಮರ್ಜಿ ಇದ್ದಾಗ ನಮಗೆ ನಕಲು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಹಾಗಂತ ಎಲ್ಲಾ ಸರಿಹೋಯಿತೆ? ಇಲ್ಲ. ಒಂದು ಬಾಗಿಲು ಮುಚ್ಚಿದರೆ ಇಲಿ ಇನ್ನೊಂದು ಬಿಲ ತೋಡುತ್ತದೆ. ಪಹಣಿ ಸಲೀಸಾಯಿತು, ಪೌತಿ ಖಾತೆಗೆ, ಪೋಡಿಗೆ ಓಡಾಟ ಉಳಿಯಿತು. ಆದ್ದರಿಂದ ಯಂತ್ರವೂ ಬೇಕು, ಯಂತ್ರದ ಹಿಂದೆ ನಮ್ಮ ಕಣ್ಣೂ ಬೇಕು.

ಆ ಕಣ್ಣಿಗೆ ಕಾನೂನು ಬಲ ಕೊಟ್ಟಿದೆ. ಮಾಹಿತಿ ಹಕ್ಕು ಕಾಯಿದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡಬೇಕು. 2012ರ ಏಪ್ರಿಲ್‌ನಿಂದ 'ಸಕಾಲ' ಇದೆ. ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಮಗಿದೆ. ಮೊತ್ತ ಸಣ್ಣದು, ಆದರೆ ತಡ ಮಾಡಿದವರು ಯಾರು ಎಂದು ದಾಖಲೆಯಾಗುತ್ತದಲ್ಲ, ಅದು ದೊಡ್ಡದು.

ಯಾರಾದರೂ ಲಂಚ ಕೇಳಿದರೆ ಏನು ಮಾಡಬೇಕು? ಚಿಕ್ಕಮಗಳೂರಿನ ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು. ಅವರು ನೋಟುಗಳ ನಂಬರು ಬರೆದುಕೊಂಡು, ಅವಕ್ಕೆ ಫಿನಾಫ್ತಲೀನ್ ಎಂಬ ಪುಡಿ ಸವರಿ, ಸಾಕ್ಷಿಗಳ ಸಮೇತ ನಮ್ಮನ್ನು ಕಳಿಸುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನೇ ಪತ್ರಿಕೆಯವರು 'ಬಲೆಗೆ ಬಿದ್ದ ಅಧಿಕಾರಿ' ಎಂದು ಬರೆಯುವುದು. ಇನ್ನೊಂದು ಮುಖ್ಯ ಸಂಗತಿ. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಿದ್ದುಪಡಿ ಆಗಿ, ಲಂಚ ಕೊಡುವವನೂ ಅಪರಾಧಿಯಾಗುತ್ತಾನೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಮೊದಲೇ ತಿಳಿಸಿ ಬಲೆ ಹಾಕಿಸಿದರೆ ಅದು ತಪ್ಪಲ್ಲ. 'ಕೊಟ್ಟರಾಯ್ತು, ಕೆಲಸ ಆದರೆ ಸಾಕು' ಎನ್ನುವ ಕಾಲ ಹೋಯಿತು ಬಂಧುಗಳೇ.

ಇಷ್ಟೂ ಸರ್ಕಾರದ ಮಾತಾಯಿತು. ಬೇರೆಯವರ ಮನೆಯ ಕಸ ತೋರಿಸುವುದು ಸುಲಭ. ಈಗ ನಮ್ಮ ಅಂಗಳಕ್ಕೆ ಬರುತ್ತೇವೆ.

ಸಹಕಾರ ಚಳವಳಿ ಹುಟ್ಟಿದ್ದೇ ಮೋಸದ ವಿರುದ್ಧ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ಅಂಗಡಿ ತೆರೆದಾಗ ಅವರು ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ. ಅವರ ವಿಶೇಷ ಏನೆಂದರೆ ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ನಮ್ಮಲ್ಲಿ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಪತ್ತಿನ ಸಂಘ ಕಟ್ಟಿದರು. ಊರಿನ ಲೆಕ್ಕ ಊರಿನವರ ಕಣ್ಣೆದುರೇ ಇದ್ದದ್ದು ಅಂಥ ಸಂಘಗಳ ಬಲ.

ನಮ್ಮ ಸಂಘದ ಒಂದು ಘಟನೆ ಹೇಳಬೇಕು. ಹೇಳಲು ನಾಚಿಕೆ, ಹೇಳದಿದ್ದರೆ ಇನ್ನೂ ನಾಚಿಕೆ. ಸುಮಾರು ಹದಿನೈದು ವರ್ಷದ ಹಿಂದೆ ಮುಂಗಾರು ಚೆನ್ನಾಗಿ ಹಿಡಿದಿತ್ತು. ರಾಗಿಗೆ, ಮುಸುಕಿನ ಜೋಳಕ್ಕೆ ಯೂರಿಯಾ ಬೇಕು, ಎಲ್ಲೂ ಇಲ್ಲ. ಸಂಜೆ ಹೊತ್ತು ನಮ್ಮ ಸಂಘಕ್ಕೆ ಒಂದು ಲಾರಿ ಗೊಬ್ಬರ ಬಂತು, ಇನ್ನೂರು ಮೂಟೆ. ಬೆಳಿಗ್ಗೆ ಹಂಚುತ್ತೇವೆ ಎಂದು ಬಾಗಿಲಿಗೆ ಬೀಗ ಹಾಕಿದೆವು. ಆದರೆ ಆ ರಾತ್ರಿ ಹಿಂಬಾಗಿಲಿನಿಂದ ನಲವತ್ತು ಮೂಟೆ ಹೋಯಿತು. ಹೋದದ್ದು ಯಾರ ಮನೆಗೆ? ನಮ್ಮ ಮನೆಗೆ, ನಮ್ಮ ಭಾವಮೈದುನರ ಮನೆಗೆ, ನಮಗೆ ಓಟು ಹಾಕಿಸಿದವರ ಮನೆಗೆ. ಎಲ್ಲದಕ್ಕೂ ರಶೀದಿ ಇತ್ತು, ಪೂರಾ ಹಣ ಕಟ್ಟಿದ್ದೆವು. ಯಾರೂ ಒಂದು ಪೈಸೆ ಲಂಚ ತಗೊಂಡಿರಲಿಲ್ಲ.

ಬೆಳಿಗ್ಗೆ ಸಾಲು ನಿಂತಿತು. ಮಧ್ಯಾಹ್ನಕ್ಕೆ ಗೊಬ್ಬರ ಮುಗಿಯಿತು. ಸಾಲಿನ ಕೊನೆಯಲ್ಲಿ ಎರಡು ಎಕರೆ ಖುಷ್ಕಿ ಇದ್ದ ಒಬ್ಬ ಅಜ್ಜಿ ನಿಂತಿದ್ದರು. ಅವರಿಗೆ ವಿಷಯ ಹೇಗೋ ತಿಳಿದಿತ್ತು. ಜಗಳ ಆಡಲಿಲ್ಲ. "ಸಂಘ ನಮ್ದು ಅಂತ ಷೇರು ಕಟ್ಟಿದ್ದೆ ಕಣ್ರಪ್ಪಾ, ನಿಮ್ದು ಅಂತ ಗೊತ್ತಿರ್ಲಿಲ್ಲ" ಅಂದು ಖಾಲಿ ಚೀಲ ಮಡಿಸಿಕೊಂಡು ಹೋದರು.

ಆ ಮಾತು ನಮ್ಮನ್ನು ಬಹಳ ದಿನ ಮಲಗಲು ಬಿಡಲಿಲ್ಲ. ಲೆಕ್ಕಪರಿಶೋಧನೆಯಲ್ಲಿ ಆ ವರ್ಷ ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ. ಪುಸ್ತಕ ಶುದ್ಧ, ಕೆಲಸ ಅಶುದ್ಧ. ಹಣ ತಿನ್ನುವುದೊಂದೇ ಭ್ರಷ್ಟಾಚಾರ ಅಲ್ಲ, ನಂಬಿ ಕೊಟ್ಟ ಅಧಿಕಾರವನ್ನು ನಮ್ಮವರಿಗಾಗಿ ತಿರುಗಿಸಿಕೊಳ್ಳುವುದೂ ಭ್ರಷ್ಟಾಚಾರವೇ ಎಂದು ನಮಗೆ ಕಲಿಸಿದ್ದು ವಿಶ್ವಸಂಸ್ಥೆಯಲ್ಲ, ಆ ಅಜ್ಜಿ. ಮುಂದಿನ ವಾರವೇ ಸಂಘದ ಗೋಡೆಗೆ ಒಂದು ಕರಿಹಲಗೆ ಹಾಕಿಸಿದೆವು. ಬಂದ ಮೂಟೆ ಎಷ್ಟು, ಯಾರಿಗೆ ಎಷ್ಟು, ಉಳಿದದ್ದು ಎಷ್ಟು, ಎಲ್ಲ ಸೀಮೆಸುಣ್ಣದಲ್ಲಿ ಬರೆದೆವು. ನಿರ್ದೇಶಕರ ಹೆಸರು ಕೊನೆಗೆ. ಏಳೆಂಟು ವರ್ಷ ಅದು ನಡೆಯಿತು. ಆಮೇಲೆ ಕಂಪ್ಯೂಟರ್ ಬಂತು, ಗೊಬ್ಬರಕ್ಕೆ ಹೆಬ್ಬೆಟ್ಟಿನ ಯಂತ್ರ ಬಂತು, ಹಲಗೆಯ ಬಣ್ಣ ಹೋಯಿತು, ನಾವೂ ಮರೆತೆವು. ಯಂತ್ರ ಹೆಬ್ಬೆಟ್ಟು ಯಾರದು ಅಂತ ಕೇಳುತ್ತದೆ, ಮೊದಲ ಸರದಿ ಯಾರದು ಅಂತ ಕೇಳುವುದಿಲ್ಲ. ಆ ಅಜ್ಜಿಯೂ ಈಗಿಲ್ಲ.

ಸರ್ಕಾರದ ಗಣನೀಯ ಹಣಕಾಸಿನ ನೆರವಿನಿಂದ ನಡೆಯದ ಸಹಕಾರ ಸಂಘಗಳು ಮಾಹಿತಿ ಹಕ್ಕು ಕಾಯಿದೆಗೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಕೇರಳದ ಒಂದು ಸಂಘದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಅದರ ಮರೆಯಲ್ಲಿ ನಾವೂ ಬಾಗಿಲು ಹಾಕಿಕೊಂಡು ಕೂರಬಹುದು. ಆದರೆ ಕಾನೂನು ಕೇಳದಿದ್ದರೂ ಸದಸ್ಯರು ಕೇಳುವ ಮೊದಲೇ ನಾವೇ ತೋರಿಸಬೇಕು. ಆದ್ದರಿಂದ ಆಡಳಿತ ಮಂಡಳಿಯ ಪರವಾಗಿ ಮುಂದಿನ ಮಹಾಸಭೆಯಲ್ಲಿ ಮೂರು ಠರಾವು ಮಂಡಿಸಲಿದ್ದೇವೆ. ಒಂದು, ಗೊಬ್ಬರ, ಬೀಜದ ದಾಸ್ತಾನು ಮತ್ತು ಹಂಚಿಕೆಯನ್ನು ಪ್ರತಿ ಸಂಜೆ ಹಲಗೆಯ ಮೇಲೆ ಬರೆಯುವುದು. ಎರಡು, ಸಾಲಕ್ಕೆ ಬಂದ ಅರ್ಜಿಗಳ ಸರದಿ, ನಿರ್ದೇಶಕರು ಮತ್ತು ಅವರ ಮನೆಯವರು ಪಡೆದ ಸಾಲ, ಸುಸ್ತಿಬಾಕಿ ಇವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವುದು. ಮೂರು, ಲೆಕ್ಕಪರಿಶೋಧನಾ ವರದಿಯನ್ನು ಓದು ಬಾರದವರಿಗೂ ತಿಳಿಯುವಂತೆ ಆಡುಮಾತಿನಲ್ಲಿ ವಿವರಿಸುವುದು.

ಮಂಡಿಸುವುದು ನಮ್ಮ ಕೆಲಸ, ಅಂಗೀಕರಿಸುವುದು ತಮ್ಮ ಕೆಲಸ. ಮಹಾಸಭೆಗೆ ಕೋರಂ ಸಾಲದೆ ಅರ್ಧ ಗಂಟೆ ಕಾದು, ಬಂದವರು ಉಪ್ಪಿಟ್ಟು ತಿಂದು ಸಹಿ ಹಾಕಿ ಹೋಗುವ ಪದ್ಧತಿ ಮುಂದುವರಿದರೆ ಯಾವ ಠರಾವೂ ಕಾಗದದಿಂದ ಕೆಳಗೆ ಇಳಿಯುವುದಿಲ್ಲ. ದಯವಿಟ್ಟು ಬನ್ನಿ, ಕೂತು ಕೇಳಿ, ಎದ್ದು ನಿಂತು ಪ್ರಶ್ನೆ ಹಾಕಿ. ನಮ್ಮ ಮುಖಕ್ಕೆ ಹೊಡೆದ ಹಾಗೆ ಕೇಳಿದರೂ ಬೇಸರವಿಲ್ಲ. ನಾವು ಬೇಸರ ಮಾಡಿಕೊಂಡರೆ ಆ ಕುರ್ಚಿಗೆ ನಾವು ಯೋಗ್ಯರಲ್ಲ ಅಂತ ತಿಳಿಯಿರಿ.

ಹಳೆಯ ಕರಿಹಲಗೆಗೆ ಹೊಸ ಬಣ್ಣ ಹೊಡೆಸಿ ಮತ್ತೆ ಅದೇ ಗೋಡೆಗೆ ಹಾಕಿದ್ದೇವೆ. ಊಟ ಮುಗಿಸಿ ಹೊರಡುವಾಗ ಒಮ್ಮೆ ನೋಡಿ ಹೋಗಿ. ಇವತ್ತಿನ ಈ ಸಮಾರಂಭಕ್ಕೆ ಯಾರು ಎಷ್ಟು ಕೊಟ್ಟರು, ಶಾಮಿಯಾನಕ್ಕೆ ಎಷ್ಟು, ಊಟಕ್ಕೆ ಎಷ್ಟು, ಈ ಸಂಚಿಕೆಯ ಅಚ್ಚಿಗೆ ಎಷ್ಟು ಎಂದು ಅದರ ಮೇಲೆ ಬರೆದಿದೆ. ತಪ್ಪಿದ್ದರೆ ತೋರಿಸಿಕೊಡಿ.