ಗುಣಮುಖರಾದವರ ಲೆಕ್ಕ



ಮರಣದ ಹೊಸ್ತಿಲವರೆಗೆ ಹೋಗಿ, ಯಂತ್ರವು ಊಡಿದ ಉಸಿರಿನಿಂದ ಬದುಕಿ ಬಂದ ಶ್ವಾಸರೋಗಿಯು ತನ್ನ ಮುನ್ನಿನ ಬಾಳಿಗೆ ಎಷ್ಟರಮಟ್ಟಿಗೆ ಮರಳಿದ್ದಾನೆಂಬುದನ್ನು ವರ್ಷಗಳುದ್ದಕ್ಕೂ ಅಳೆಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ಮಹಾನಗರದ ಆಸ್ಪತ್ರೆಯಲ್ಲಿ ಎತ್ತದೆ ಈ ಕಣಗಿನಹಾಳದಲ್ಲಿ ಎತ್ತುತ್ತಿರುವುದಕ್ಕೆ ಕಾರಣವುಂಟು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹುಟ್ಟಿದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಸಾಲ ಪಡೆಯಲು ಒಕ್ಕಲುಮಗನಿಗಿರುವ ಯೋಗ್ಯತೆಯನ್ನು, ಅವನ ಹೊಲವನ್ನೂ ದುಡಿಮೆಯನ್ನೂ ನಡತೆಯನ್ನೂ ಹತ್ತಿರದಿಂದ ಬಲ್ಲ ನೆರೆಹೊರೆಯವರ ಅರಿವಿನಿಂದಲೇ ತೂಗಬೇಕೆಂಬುದು ಅಂಥ ಸಂಘಗಳ ಮೂಲತತ್ತ್ವ. ನಮ್ಮ ವೈದ್ಯವಿದ್ಯೆ ಆ ತತ್ತ್ವವನ್ನು ಇನ್ನೂ ಪೂರ್ಣವಾಗಿ ಕಲಿತಿಲ್ಲವೆಂದು ನನ್ನ ನಂಬಿಕೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಮರಣ ನಮ್ಮ ಕಲಬುರಗಿಯಲ್ಲಿ ದಾಖಲಾದಂದಿನಿಂದ ನಾವು ಸಾವುಗಳನ್ನು ದಿನದಿನವೂ ಎಣಿಸಿದೆವು. ಮನೆಗೆ ಕಳುಹಿಸಿದವರನ್ನೆಲ್ಲ 'ಗುಣಮುಖ'ರೆಂದು ಬರೆದು ಲೆಕ್ಕ ಮುಗಿಸಿದೆವು. ಆದರೆ ಗುಣದ ಕಡೆಗೆ ಮುಖಮಾಡಿದವನೆಂದಷ್ಟೆ ಆ ಶಬ್ದದ ಅರ್ಥ, ಗುಣವನ್ನು ಮುಟ್ಟಿದವನೆಂದಲ್ಲ. ಮುಖಮಾಡಿದವನು ಎಷ್ಟು ದೂರ ನಡೆದ, ಎಲ್ಲಿ ಕುಸಿದು ಕುಳಿತ ಎಂಬುದನ್ನು ಕೇಳಿದವರು ವಿರಳ.

1967ರಲ್ಲಿ ಆಶ್‌ಬಾ ಮತ್ತು ಸಂಗಡಿಗರು 12 ರೋಗಿಗಳಲ್ಲಿ ಕಂಡ ಉಗ್ರ ಶ್ವಾಸಸಂಕಟವನ್ನು ವರ್ಣಿಸಿದ ಮೇಲೆ ಬಹುಕಾಲ ವೈದ್ಯಲೋಕದ ಮುಖ್ಯ ಪ್ರಶ್ನೆ, ಉಳಿದನೆ ಅಳಿದನೆ ಎಂಬುದೇ ಆಗಿತ್ತು. ಟೊರಾಂಟೊದ ವೈದ್ಯೆ ಮಾರ್ಗರೆಟ್ ಹೆರಿಜ್ ಅವರು ಆ ಸಂಕಟದಿಂದ ಬದುಕುಳಿದ 109 ಜನರ ಬೆನ್ನುಹತ್ತಿ ಹೋದಾಗ, ವರ್ಷ ಕಳೆದ ಮೇಲೆಯೂ ಕೆಲಸಕ್ಕೆ ಮರಳಿದವರು ಅರ್ಧದಷ್ಟೇ. ಐದನೆಯ ವರ್ಷಕ್ಕೆ ಶ್ವಾಸಕೋಶಗಳು ಬಹುಮಟ್ಟಿಗೆ ಸಹಜವಾಗಿದ್ದರೂ ಆರು ನಿಮಿಷದಲ್ಲಿ ಅವರು ನಡೆದ ಮಧ್ಯಾಂಕ ದೂರ 436 ಮೀಟರು, ಅವರ ವಯಸ್ಸಿನವರಿಂದ ನಿರೀಕ್ಷಿಸಬಹುದಾದುದರ 76 ಪ್ರತಿಶತ ಮಾತ್ರ. ಉಸಿರಳೆಯುವ ಕೊಳವೆಯನ್ನು ಊದಿಸಿ ನೋಡಿ ಸಮಾಧಾನಪಟ್ಟ ವೈದ್ಯನಿಗೆ ಸ್ನಾಯುವಿನ ಸವಕಳಿಯಾಗಲಿ ಮನಸ್ಸಿನ ಭೀತಿಯಾಗಲಿ ಕಾಣಲಾರದು. 2017ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ ಅಳತೆಗೋಲುಗಳನ್ನು ಆರಿಸಲೆತ್ನಿಸಿದಾಗ ಮನೋವ್ಯಥೆಗೂ ಜೀವನತೃಪ್ತಿಗೂ ಒಮ್ಮತ ದೊರೆಯಿತು; ದೇಹಶಕ್ತಿಗೂ ಬುದ್ಧಿಶಕ್ತಿಗೂ ದೊರೆಯಲಿಲ್ಲ. ಈ ಭಿನ್ನಮತವನ್ನು ನಾನು ಪ್ರಾಮಾಣಿಕತೆಯೆಂದೇ ಗೌರವಿಸುತ್ತೇನೆ.

ಒಮ್ಮತ ದೊರೆಯದೆ ತೆರವಾಗಿ ಉಳಿದ ಆ ಎಡೆಯಲ್ಲಿ ನಮ್ಮ ಸೀಮೆ ಮಾತನಾಡಬೇಕು. ಆರು ನಿಮಿಷದ ನಡಿಗೆ 30 ಮೀಟರಿನ ಸಮತಟ್ಟಾದ ಮೊಗಸಾಲೆಯಲ್ಲಿ ನಡೆಯುವ ಪರೀಕ್ಷೆ. ನಮ್ಮವನು ನಡೆಯಬೇಕಾದುದು ಮಳೆಯಲ್ಲಿ ಕಾಲಿಗೆ ಮೆತ್ತಿ ಬೇಸಗೆಯಲ್ಲಿ ಬಿರಿಯುವ ಎರೆನೆಲದಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನು ಕೈಯೂರದೆ ಎದ್ದನೆ? ಬದುಕಿ ಬಂದ ಹೆಣ್ಣುಮಗಳು ತುಂಬಿದ ಕೊಡವನ್ನು ನಿಲ್ಲದೆ ಮನೆ ಮುಟ್ಟಿಸಿದಳೆ? ಒಂದೇ ಸಲಕ್ಕೆ ಎಷ್ಟು ರೊಟ್ಟಿ ಬಡಿದಳು? ಹತ್ತಿ ಬಿಡಿಸುವ ಸಾಲಿನಲ್ಲಿ ಸಂಗಾತಿಗಳಿಂದ ಎಷ್ಟು ಹಿಂದೆ ಬಿದ್ದಳು? ಇವು ಮೀಟರಿಗಿಂತ ಕಡಮೆಯ ಅಳತೆಗಳಲ್ಲ. ರೋಗಕ್ಕೆ ಮುಂಚೆ ಅವಳೇ ಮಾಡುತ್ತಿದ್ದುದೆಷ್ಟೆಂದು ಬಲ್ಲವರು ಮನೆಯಲ್ಲಿಯೇ ಇರುವರು.

ಪ್ರಶ್ನಾವಳಿಗಳಿಗೆ ಇನ್ನೊಂದು ತೊಡಕುಂಟು. "ಅರಾಮ ಅದೀರೇನ್ರಿ?" ಎಂದು ಕೇಳಿದರೆ "ಅರಾಮ ಅದೀನ್ರಿ" ಎಂಬುದೇ ಇಲ್ಲಿಯ ಸೌಜನ್ಯ. ಕೇಳಿದವನ ಮನಸ್ಸನ್ನು ನೋಯಿಸಬಾರದೆಂದು ಹೇಳಿದ ಆ ಮಾತನ್ನು ಆರೋಗ್ಯದ ಪ್ರಮಾಣವೆಂದು ಬರೆದುಕೊಳ್ಳುವುದು ತಪ್ಪು. ತುಸು ಹೊತ್ತು ಕುಳಿತು, ಬಿತ್ತನೆಯ ವಿಷಯವಾಗಿ ಮಾತನಾಡಿದ ಮೇಲೆ, "ರಾತ್ರಿ ಎದಿ ಝಲ್ ಅಂತೈತ್ರಿ" ಎಂಬ ಮಾತು ತಾನಾಗಿ ಹೊರಡುವುದು.

ಕಡೆಯದಾಗಿ, ಮರುಭೇಟಿಗೆ ಬಾರದವರ ಮಾತು. ಬಸ್ಸು ಹತ್ತಿ ಗದಗಿಗೆ ಬರಬಲ್ಲವರನ್ನಷ್ಟೆ ಅಳೆದು ಸರಾಸರಿ ಕಟ್ಟಿದರೆ, ನಡೆಯಲಾರದವರೂ ನಡುವೆ ತೀರಿಕೊಂಡವರೂ ಲೆಕ್ಕದಿಂದ ಜಾರಿ, ಉಳಿದವರ ಸರಾಸರಿ ಸುಳ್ಳಾಗಿ ಮೇಲೇರುವುದು. ಪತ್ತಿನ ಸಂಘದ ಖಾತೆಯಲ್ಲಿ ಸಭೆಗೆ ಬಾರದ ಸದಸ್ಯನ ಹೆಸರು ಅಳಿಸಿಹೋಗದು. ನಮ್ಮ ದಾಖಲೆಯಲ್ಲಿಯೂ ಅಳಿಯಬಾರದು. ಆಶಾ ಕಾರ್ಯಕರ್ತೆಯರೊಡನೆ ನಾವೇ ಅವರ ಮನೆಗೆ ಹೋಗೋಣ.

ಆದುದರಿಂದ ಈ ಸಮ್ಮೇಳನದ ಮೊದಲ ಗೋಷ್ಠಿಯಲ್ಲಿ ವೈದ್ಯರ ಪ್ರಬಂಧಗಳಿರಬಾರದೆಂದು ನನ್ನ ವಿನಂತಿ. ರೋಗಿಗಳನ್ನು ಸಲಹಿದ ಈ ಊರಿನ ತಾಯಂದಿರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ಹೇಳಲಿ, ನಾವು ಬರೆದುಕೊಳ್ಳೋಣ.