ವಲ್ಲಿಯ ಮರೆಯ ಬೆಲೆ

ನಮ್ಮ ಕಡೆಯ ದನದ ಜಾತ್ರೆಗಳನ್ನು ಕಂಡವರಿಗೆ ಒಂದು ದೃಶ್ಯ ನೆನಪಿರಬಹುದು. ಎತ್ತು ಮಾರುವವನು, ಕೊಳ್ಳುವವನು, ನಡುವೆ ದಲ್ಲಾಳಿ. ದಲ್ಲಾಳಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಳ್ಳುತ್ತಾನೆ. ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ವ್ಯಾಪಾರ ಕುದುರಿದ ಮೇಲೆ ಹಗ್ಗ ಕೈ ಬದಲಾಗುತ್ತದೆ. ತನ್ನ ಬೆಲೆ ಎಷ್ಟಾಯಿತೆಂಬುದು ಎತ್ತಿಗೆ ತಿಳಿಯುವುದಿಲ್ಲ. ತಿಳಿಯಬೇಕೆಂದು ಯಾರೂ ಅಪೇಕ್ಷಿಸುವುದೂ ಇಲ್ಲ.

ಕಾಲೇಜು ಆಟಗಾರರಿಗೆ ಸಲ್ಲುವ ಹಣದ ಲೆಕ್ಕ ಬಹಿರಂಗವಾಗಬೇಕೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ ನನಗೆ ಮೊದಲು ನೆನಪಾದದ್ದು ಈ ವಲ್ಲಿ.

ಆದರೆ ಅದೇ ಜಾತ್ರೆಯಲ್ಲಿ ಇನ್ನೊಂದು ಪದ್ಧತಿಯೂ ಉಂಟು. ದಾವಣಗೆರೆಯ ದುರ್ಗಾಂಬಿಕಾ ದೇವಿಯ ಜಾತ್ರೆಯ ಕುಸ್ತಿಯನ್ನು ನೆನೆಯಿರಿ. ಜೋಡಿ ಕೂಡಿಸುವಾಗಲೇ ಇನಾಮು ಎಷ್ಟೆಂದು ಕಣದಲ್ಲಿ ಕೂಗಿ ಹೇಳುತ್ತಾರೆ. ಗೆದ್ದವನ ಕೈಗೆ ಬೆಳ್ಳಿಯ ಕಡಗ ತೊಡಿಸುವುದು, ಹೆಗಲಿಗೆ ಗದೆ ಏರಿಸುವುದು ಎಲ್ಲವೂ ಜನರ ಕಣ್ಣೆದುರಿಗೇ. ಪೈಲ್ವಾನನು ಹಣಕ್ಕಾಗಿ ಕಣಕ್ಕಿಳಿದನೆಂದು ಯಾರೂ ಮೂಗು ಮುರಿಯುವುದಿಲ್ಲ. ಗರಡಿಮನೆಯ ಖುರಾಕಿಗೆ ಎಷ್ಟು ಖರ್ಚಾಗುತ್ತದೆಂಬುದು ಊರಿಗೆಲ್ಲ ಗೊತ್ತು.

ಇದು ನಿನ್ನೆ ಮೊನ್ನೆಯ ರೂಢಿಯಲ್ಲ. ಸಾಹಸಕ್ಕೆ ಕೊಟ್ಟ ಕೊಡುಗೆಯನ್ನು ಕಲ್ಲಿನ ಮೇಲೆ ಬರೆಸಿ ಹಾದಿಬದಿಯಲ್ಲಿ ನಿಲ್ಲಿಸಿದ ನಾಡು ನಮ್ಮದು. ಹತ್ತನೆಯ ಶತಮಾನದ ಆತಕೂರು ಶಾಸನವು ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ಕೊಟ್ಟ ಬಾಳ್ಗಚ್ಚಿನ ಕೊಡುಗೆಯನ್ನು ದಾಖಲಿಸುತ್ತದೆ. ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ನೆತ್ತರುಗೊಡಗೆಯ ಭೂಮಿಯ ಲೆಕ್ಕವನ್ನು ಎಷ್ಟೋ ಹಳ್ಳಿಗಳ ಕಲ್ಲುಗಳು ಹೇಳುತ್ತವೆ. ಕೊಟ್ಟವರಾರು, ಪಡೆದವರಾರು, ಕೊಟ್ಟದ್ದೇನು ಎಂಬ ಮೂರು ಮಾತು ಬಯಲಿನಲ್ಲಿದ್ದರೆ ನಾಳೆ ಅದನ್ನು ಕಸಿಯುವವನಿಗೆ ಅಂಜಿಕೆ ಇರುತ್ತದೆ. ಬಹಿರಂಗವೆಂಬುದು ಅಲ್ಲಿ ಪಡೆದವನಿಗೆ ಅವಮಾನವಲ್ಲ, ರಕ್ಷಣೆ.

ಹಾಗಾದರೆ ಆಟಗಾರನ ಹಣವನ್ನು ಬಚ್ಚಿಡುವ ಸಂಕೋಚ ನಮಗೆ ಎಲ್ಲಿಂದ ಬಂತು? ಬಹುಮಟ್ಟಿಗೆ ಅದು ಇಂಗ್ಲೆಂಡಿನ ಶಾಲೆ ಕಾಲೇಜುಗಳ ಮೂಲಕ ಬಂದದ್ದು. ಆಡಿದ್ದಕ್ಕೆ ಕೂಲಿ ಪಡೆಯುವುದು ಕೀಳು, ಆನಂದಕ್ಕಾಗಿ ಆಡುವುದು ಮೇಲು ಎಂಬ ಭಾವನೆ ಅದು. ಇಂಗ್ಲಿಷ್ ಕ್ರಿಕೆಟ್ಟಿನಲ್ಲಿ ಹವ್ಯಾಸಿಗಳನ್ನು ಮಹನೀಯರೆಂದೂ ಹಣ ಪಡೆಯುವವರನ್ನು ಬರಿಯ ಆಟಗಾರರೆಂದೂ ಕರೆಯುತ್ತಿದ್ದರು. ಆ ಭೇದವನ್ನು ಅವರೇ 1962ರಲ್ಲಿ ತೊಡೆದುಹಾಕಿದರು. ಮನೆಯಲ್ಲಿ ಉಣ್ಣಲು ಇದ್ದವನಿಗೆ ಆನಂದಕ್ಕಾಗಿ ಆಡುವುದು ಸುಲಭ. ಇಲ್ಲದವನು ಆಡಬೇಕಾದರೆ ಯಾರಾದರೂ ಕೊಡಬೇಕು. ಕೊಡುವುದು ಅನಿವಾರ್ಯ, ಹೇಳುವುದು ನಿಷಿದ್ಧ ಎಂದಾದಾಗ ವಲ್ಲಿ ತಾನಾಗಿಯೇ ಕೈಮೇಲೆ ಬರುತ್ತದೆ.

ಇದಕ್ಕೆ ಜಗತ್ತೇ ಬಲ್ಲ ನಿದರ್ಶನ ಜಿಮ್ ಥೋರ್ಪ್. ಅಮೆರಿಕದ ಮೂಲನಿವಾಸಿಗಳ ಮಗ, ಕಾರ್ಲೈಲ್ ಶಾಲೆಯ ವಿದ್ಯಾರ್ಥಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಮರುವರ್ಷವೇ ಪದಕಗಳನ್ನು ಹಿಂದಕ್ಕೆ ಪಡೆದರು. ಆತನ ತಪ್ಪು ಇಷ್ಟೇ: 1909 ಮತ್ತು 1910ರ ಬೇಸಗೆಯಲ್ಲಿ ಸಣ್ಣ ಮೊತ್ತಕ್ಕೆ ಬೇಸ್‌ಬಾಲ್ ಆಡಿದ್ದ. ಆಗ ಹಾಗೆ ಆಡಿದ ಕಾಲೇಜು ಹುಡುಗರು ಹಲವರಿದ್ದರು. ಅವರಲ್ಲಿ ಎಷ್ಟೋ ಮಂದಿ ಸುಳ್ಳು ಹೆಸರಿನಲ್ಲಿ ಆಡಿ ಪಾರಾದರು. ಥೋರ್ಪ್ ತನ್ನದೇ ಹೆಸರಿನಲ್ಲಿ ಆಡಿದ, ಸಿಕ್ಕಿಬಿದ್ದ. ಅವನ ಹೆಸರನ್ನು ವಿಜೇತರ ಪಟ್ಟಿಗೆ ಮರಳಿಸಿದ್ದು 1982ರಲ್ಲಿ, ಆತ ತೀರಿಕೊಂಡು 29 ವರ್ಷಗಳಾದ ಮೇಲೆ. ಆತನೊಬ್ಬನೇ ವಿಜೇತನೆಂದು ಒಪ್ಪಿದ್ದು 2022ರಲ್ಲಿ. ಮುಚ್ಚಿಡುವುದನ್ನೇ ನಿಯಮ ಮಾಡಿದಾಗ ಶಿಕ್ಷೆ ಬೀಳುವುದು ಪ್ರಾಮಾಣಿಕನಿಗೆ.

ಥೋರ್ಪನ ಕಥೆಯನ್ನು ಓದುವಾಗಲೆಲ್ಲ ನನಗೆ ನನ್ನದೇ ಒಬ್ಬ ವಿದ್ಯಾರ್ಥಿ ಎದುರು ನಿಲ್ಲುತ್ತಾನೆ. ನಾನು ಉಪನ್ಯಾಸಕನಾಗಿದ್ದ ಕಾಲೇಜೊಂದರಲ್ಲಿ ಕೆಲವು ವರ್ಷ ಕ್ರೀಡಾ ವಿಭಾಗದ ಹೊಣೆ ನನ್ನ ಮೇಲಿತ್ತು. ಆ ಹುಡುಗ ಸಂತೇಬೆನ್ನೂರಿನ ಪಕ್ಕದ ಹಳ್ಳಿಯವನು, ಕಬಡ್ಡಿಯಲ್ಲಿ ಒಳ್ಳೆಯ ದಾಳಿಗಾರ. ಅಂತರ ಕಾಲೇಜು ಪಂದ್ಯಗಳಿಗೆ ತಂಡ ಹೊರಟಾಗ ಪ್ರಯಾಣಭತ್ಯೆ, ದಿನಭತ್ಯೆಗಳ ಓಚರಿಗೆ ಹುಡುಗರಿಂದ ಸಹಿ ಹಾಕಿಸುವುದು ನನ್ನ ಕೆಲಸ. ಮೊತ್ತದ ಜಾಗ ಖಾಲಿ ಬಿಟ್ಟು ಸಹಿ ಹಾಕಿಸುವುದು ಅಲ್ಲಿ ನಡೆದುಬಂದ ರೂಢಿ. ಆಮೇಲೆ ಅದನ್ನು ಯಾರೋ ತುಂಬುತ್ತಿದ್ದರು. ಹುಡುಗರ ಕೈಗೆ ಬಸ್ಸಿನ ಚಾರ್ಜು, ಊಟದ ದುಡ್ಡು ಬರುತ್ತಿತ್ತು. ಒಮ್ಮೆ ಆತ ಲೇಖನಿ ಹಿಡಿದುಕೊಂಡೇ ಕೇಳಿದ: “ಸಾರ್, ನಾವು ಎಷ್ಟಕ್ಕೆ ಸೈನ್ ಹಾಕ್ತಾ ಇದೀವಿ?”

ನಾನು, “ಸುಮ್ಮನೆ ಹಾಕಪ್ಪ, ಬಸ್ಸಿಗೆ ಹೊತ್ತಾಯ್ತು” ಎಂದೆ. ಆತ ಹಾಕಿದ. ನನ್ನ ಜೇಬಿಗೆ ಒಂದು ಪೈಸೆಯೂ ಬಂದಿರಲಿಲ್ಲ. ಆದ್ದರಿಂದ ನಾನು ತಪ್ಪಿತಸ್ಥನಲ್ಲವೆಂದು ಬಹಳ ಕಾಲ ಸಮಾಧಾನ ಹೇಳಿಕೊಂಡಿದ್ದೆ.

ಅದೇ ಹುಡುಗ ರಾತ್ರಿ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಬೇರೆ ಬೇರೆ ಊರುಗಳ ಪರವಾಗಿ ಆಡುತ್ತಿದ್ದ. ನಮ್ಮ ಹಳ್ಳಿಗಳ ಪಂದ್ಯಾವಳಿಯ ಕರಪತ್ರ ನೀವು ನೋಡಿರಬಹುದು. ಪ್ರಥಮ ಬಹುಮಾನ ಎಷ್ಟು, ದ್ವಿತೀಯ ಎಷ್ಟು, ಕಪ್ಪು ಕೊಟ್ಟ ದಾನಿ ಯಾರು ಎಂದೆಲ್ಲ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಹೊರಗಿನಿಂದ ಕರೆಸಿದ ಆಟಗಾರನಿಗೆ ಕೊಟ್ಟದ್ದೆಷ್ಟೆಂಬುದು ಮಾತ್ರ ಯಾವ ಕರಪತ್ರದಲ್ಲೂ ಇರುವುದಿಲ್ಲ. ಆ ಹುಡುಗನನ್ನು ಒಂದು ತಂಡ ತಮ್ಮ ಊರಿನವನೆಂದು ತೋರಿಸಿ, ಬೇರೊಬ್ಬನ ಹೆಸರು ಬರೆಸಿ ಇಳಿಸಿತು. ಆ ರಾತ್ರಿ ಆತನ ಮೊಣಕಾಲು ಹೊರಳಿತು. ಚಿಕಿತ್ಸೆಯ ಖರ್ಚಿಗೆ ಸಂಘಟಕರ ಬಳಿಗೆ ಹೋದಾಗ ಅವರು ಪಟ್ಟಿ ತೆಗೆದು ತೋರಿಸಿದರು: ಅಂದು ಗಾಯಗೊಂಡವನ ಹೆಸರು ಬೇರೆ. ಕಾಲೇಜಿಗೆ ಬಂದರೆ, ನಮ್ಮ ಪರವಾಗಿ ಆಡುವಾಗ ಆದ ಗಾಯವಲ್ಲವೆಂದು ಹೇಳಿದೆವು. ಹೇಳಿದವರಲ್ಲಿ ನಾನೂ ಒಬ್ಬ. ಆತ ಪಡೆದ ಹಣಕ್ಕೆ ದಾಖಲೆಯಿರಲಿಲ್ಲ; ದಾಖಲೆಯಿಲ್ಲದ ಹಣದ ಹಿಂದೆ ದಾಖಲೆಯಿಲ್ಲದ ಕಾಲೂ ಹೋಯಿತು. ಮುಂದೆ ಆತ ಆಡಲಿಲ್ಲ.

ಈಗ ಹೊರಗಿನ ಜಗತ್ತು ಬದಲಾಗಿದೆ. ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆ ಆಟಗಾರನು ತನ್ನ ಹೆಸರಿನಿಂದ ಹಣ ಗಳಿಸಬಹುದೆಂದು 2021ರ ಜುಲೈಯಲ್ಲಿ ಒಪ್ಪಿತು. 2025ರ ಜೂನಿನಲ್ಲಿ ನ್ಯಾಯಾಲಯ ಮಂಜೂರು ಮಾಡಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರು. ಹೊರಗಿನವರೊಂದಿಗೆ 600 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಒಪ್ಪಂದ ಮಾಡಿಕೊಂಡರೆ ಅದನ್ನು ಒಂದು ಪರಿಶೀಲನಾ ವ್ಯವಸ್ಥೆಗೆ ವರದಿ ಮಾಡಬೇಕು. ಆದರೆ ಆ ವರದಿ ಸಾರ್ವಜನಿಕರಿಗಲ್ಲ. ಪತ್ರಿಕೆಗಳು ಒಪ್ಪಂದಗಳನ್ನು ಕೇಳಿದಾಗ ಹಲವು ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿಯ ಖಾಸಗಿತನವೆಂಬ ಕಾನೂನನ್ನು ಮುಂದೊಡ್ಡಿದವು. ಸರ್ಕಾರಿ ವಿಶ್ವವಿದ್ಯಾನಿಲಯದ ತರಬೇತುದಾರನ ಸಂಬಳ ಮಾತ್ರ ಅಲ್ಲಿ ಎಲ್ಲರಿಗೂ ಗೊತ್ತು.

ನಮ್ಮಲ್ಲಿಯೂ ವೃತ್ತಿಪರ ಆಟದ ವಲ್ಲಿ ಸರಿದಿದೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಲ್ಲಿ ಹರಾಜಿನ ಬೆಲೆ ಎಲ್ಲರಿಗೂ ತಿಳಿಯುತ್ತದೆ. 2018ರಲ್ಲಿ ಅದು ಒಂದು ಕೋಟಿ ದಾಟಿತು. 2021ರ ಐಪಿಎಲ್ ಹರಾಜಿನಲ್ಲಿ ನಮ್ಮ ಕೆ. ಗೌತಮ್ 9 ಕೋಟಿ 25 ಲಕ್ಷಕ್ಕೆ ಹೋದದ್ದನ್ನು ಹಳ್ಳಿಯ ಚಹಾದಂಗಡಿಯಲ್ಲೂ ಚರ್ಚಿಸಿದರು. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ಗೊತ್ತುಮಾಡಿರುವುದೂ ಬಹಿರಂಗವೇ. ಈ ಎರಡರ ನಡುವೆ ಇರುವವನು ಸಾಮಾನ್ಯ ಕಾಲೇಜು ಆಟಗಾರ. ಅವನ ದಿನಭತ್ಯೆ, ಬೂಟು, ಬಹುಮಾನದ ಪಾಲು ಎಲ್ಲವೂ ಇನ್ನೂ ವಲ್ಲಿಯ ಕೆಳಗೇ.

ಬಹಿರಂಗದಿಂದ ಕೆಡುಕಿಲ್ಲವೇ? ಇದೆ. ಹತ್ತೊಂಬತ್ತರ ಹುಡುಗಿಗೆ ಇಷ್ಟು ಹಣ ಬಂತೆಂದು ಊರಿಗೆಲ್ಲ ತಿಳಿದರೆ ಸಾಲ ಕೇಳುವವರು, ಮನೆಯಲ್ಲಿ ಕಸಿಯುವವರು, ಅಸೂಯೆಪಡುವವರು ಎಲ್ಲರೂ ಬಾಗಿಲಿಗೆ ಬರುತ್ತಾರೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಕಾನೂನನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ನಿರಾಕರಿಸಲು ಕಚೇರಿಗಳಿಗೆ ಹೆಚ್ಚಿನ ಅವಕಾಶ ಕೊಟ್ಟಿದೆ. ಖಾಸಗಿತನದ ಕಾಳಜಿ ಸುಳ್ಳಲ್ಲ. ಆದರೆ ಯಾರ ಖಾಸಗಿತನ ಎಂದು ಕೇಳಬೇಕಾಗುತ್ತದೆ. ಖಾಲಿ ಓಚರು ನನ್ನ ವಿದ್ಯಾರ್ಥಿಯ ಮಾನವನ್ನು ಕಾಯಲಿಲ್ಲ. ಅದನ್ನು ಆಮೇಲೆ ತುಂಬಿದವನ ಮಾನವನ್ನು ಕಾಯಿತು.

ಆದ್ದರಿಂದ ಬಹಿರಂಗದ ಭಾರ ಕೊಡುವವನ ಮೇಲಿರಬೇಕು, ಪಡೆಯುವವನ ಮೇಲಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಯಾರೂ ಕೇಳುವ ಮೊದಲೇ ಸಾರ್ವಜನಿಕ ಸಂಸ್ಥೆಗಳು ತಮ್ಮ ಆಯವ್ಯಯವನ್ನೂ ಸಹಾಯಧನದ ವಿವರವನ್ನೂ ಪ್ರಕಟಿಸಬೇಕೆನ್ನುತ್ತದೆ. ಕಾಲೇಜು ಕ್ರೀಡಾ ಶುಲ್ಕವೆಂದು ಎಷ್ಟು ಕೂಡಿಸಿತು, ಹುಡುಗರಿಗೆ ಎಷ್ಟು, ಹುಡುಗಿಯರಿಗೆ ಎಷ್ಟು, ಒಂದು ದಿನದ ಭತ್ಯೆ ಎಷ್ಟು ಎಂಬ ನಾಲ್ಕು ಸಾಲು ಸೂಚನಾಫಲಕದ ಮೇಲೆ ಬಂದರೆ ಯಾವ ವಿದ್ಯಾರ್ಥಿಯ ಗುಟ್ಟೂ ರಟ್ಟಾಗುವುದಿಲ್ಲ. ತನ್ನ ಸಹಿಯ ಮೇಲಿನ ಮೊತ್ತವಂತೂ ಸಹಿ ಹಾಕುವವನಿಗೆ ಮೊದಲು ಕಾಣಬೇಕು.

ಈಚೆಗೆ ಸಂತೇಬೆನ್ನೂರಿನ ಪುಷ್ಕರಣಿಯ ಬಳಿ ಆ ಹಳೆಯ ವಿದ್ಯಾರ್ಥಿ ಸಿಕ್ಕಿದ. ಹನುಮಪ್ಪ ನಾಯಕನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಹೊಂಡ ಅದು. ನಡುವೆ ವಸಂತ ಮಂಟಪ, ಸುತ್ತ ಕಲ್ಲಿನ ಮೆಟ್ಟಿಲು. ಆತ ಮೆಟ್ಟಿಲಿಳಿಯಲಾರದೆ ಮೇಲೆಯೇ ನಿಂತಿದ್ದ. ನಾನೂ ನಿಂತೆ. ಹೊಂಡದಲ್ಲಿ ಎಷ್ಟು ಮೆಟ್ಟಿಲು ನೀರು ಇಳಿದಿದೆಯೆಂದು ದಡದಲ್ಲಿ ನಿಂತ ಯಾರು ಬೇಕಾದರೂ ಎಣಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ನಾನು ಹಳೆಯ ಓಚರಿನ ಮಾತೆತ್ತಿ, ಅಂದು ನಿನಗೆ ಉತ್ತರ ಹೇಳಬೇಕಾಗಿತ್ತಪ್ಪ ಎಂದೆ. ಆತ ನಕ್ಕು, “ನನ್ನ ಮಗಳು ಈಗ ಖೋ ಖೋ ಆಡ್ತಾಳೆ ಸಾರ್. ಎಷ್ಟಕ್ಕೆ ಅಂತ ನೋಡ್ದೆ ಸೈನ್ ಹಾಕಬೇಡ ಅಂತ ಹೇಳಿದೀನಿ” ಎಂದ.

ನಾನು ಕೊಡದೆ ಹೋದ ಉತ್ತರವನ್ನು ಆತ ಮಗಳಿಗೆ ಕೊಟ್ಟಿದ್ದ. ಆ ಹುಡುಗಿ ಕೇಳಿದಾಗ, ಬಸ್ಸಿಗೆ ಹೊತ್ತಾಯಿತೆಂದು ಹೇಳದ ಅಧ್ಯಾಪಕರೊಬ್ಬರು ಮೇಜಿನ ಆಚೆ ಕುಳಿತಿರಲಿ ಎಂಬುದಷ್ಟೇ ನನ್ನ ಕೋರಿಕೆ.