ಮೈ ಪಳಗಿಸಲು ಮೇಷ್ಟ್ರು ಬೇಕೆ?

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)

ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣನೊಬ್ಬನಿಗೆ ರಕ್ತದಲ್ಲಿ ಸಕ್ಕರೆ ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿದ್ದಾರೆ. ಜಿಮ್‌ಗೆ ಹೋದರೆ, ಅವನೊಬ್ಬನಿಗೇ ಕಲಿಸುವ ಪರ್ಸನಲ್ ಟ್ರೇನರ್‌ಗೆಂದು ತಿಂಗಳಿಗೆ 4,000 ರೂಪಾಯಿ ಬೇರೆ ಕೇಳಿದರಂತೆ. "ಸೇರಲೇ, ಬಿಡಲೇ, ಅಣ್ಣಾ?" ಎಂದು ನನ್ನನ್ನು ಕೇಳಿದ. ಈ ಪ್ರಶ್ನೆ ನಿಮ್ಮಲ್ಲಿ ಹಲವರದೂ ಆಗಿರಬಹುದು.

ಮೊದಲು ಲೆಕ್ಕ ನೋಡೋಣ. ತಿಂಗಳಿಗೆ 12 ಪಾಠವಾದರೆ ಒಂದಕ್ಕೆ 333 ರೂಪಾಯಿ, ವರ್ಷಕ್ಕೆ 48,000. ಇಷ್ಟು ಕೊಟ್ಟು ನಾವು ಕೊಳ್ಳುವುದೇನು? ಬೆವರಂತೂ ನಮ್ಮದೇ. ಕೊಳ್ಳುವುದು ವಿದ್ಯೆಯನ್ನು: ಬಸ್ಕಿ ಹೊಡೆಯುವಾಗ ಮಂಡಿ ಎತ್ತ ಬಾಗಬೇಕು, ಭಾರ ಎತ್ತುವಾಗ ಬೆನ್ನು ಹೇಗಿರಬೇಕು, ವಾರದಿಂದ ವಾರಕ್ಕೆ ಭಾರವನ್ನು ಎಷ್ಟು ಏರಿಸಬೇಕು ಎಂಬುದನ್ನು.

ಈ ವಿದ್ಯೆ ಬೇಡವೆಂದು ನಾನು ಹೇಳಲಾರೆ. ಐವತ್ತು ದಾಟಿದ ಮೇಲೆ ಯಾರನ್ನೂ ಕೇಳದೆ ಭಾರ ಎತ್ತಿ, ಮೂರು ವಾರ ಬೆನ್ನು ಹಿಡಿದುಕೊಂಡು ಮಲಗಿದವನು ನಾನು. ವೈದ್ಯರು ಒಪ್ಪಿದ ಮೇಲೆ ಟ್ರೇನರ್ ಒಬ್ಬರಲ್ಲಿ ಎರಡು ತಿಂಗಳು ಕಲಿತೆ. ಕೊಟ್ಟ ಹಣ ಸಾರ್ಥಕವಾಯಿತು. ಮೂರನೆಯ ತಿಂಗಳು ಅವರಿಗೆ ಉಳಿದ ಕೆಲಸ ಎಣಿಸುವುದೊಂದೇ. ಎಣಿಸಲು ನನಗೂ ಬರುತ್ತದೆ.

ಮೈಸೂರಿನ ಗರಡಿಮನೆಗಳನ್ನು ನೋಡಿರಿ. ಅಲ್ಲಿ ಉಸ್ತಾದರಿಲ್ಲದೆ ಸಾಮು ಇಲ್ಲ. ಆದರೆ ಹುಡುಗನಿಗೊಬ್ಬ ಉಸ್ತಾದರೂ ಇಲ್ಲ. ಒಬ್ಬರು ಹಲವರನ್ನು ತಿದ್ದುತ್ತಾರೆ, ಕಲಿತವನು ಹೊಸಬನಿಗೆ ತೋರಿಸುತ್ತಾನೆ. ನೀವೂ ಮೂವರು ಸೇರಿ ಒಬ್ಬ ಟ್ರೇನರ್‌ನನ್ನು ಗೊತ್ತುಮಾಡಿಕೊಳ್ಳಬಾರದೇಕೆ?

ಇನ್ನು ಮುಖ್ಯ ವಿಷಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷವಾಯಿತು. ನಡೆಯಲು ಶುಲ್ಕವಿಲ್ಲ. ಆದರೆ ಹೊತ್ತು ಬೇಕು! ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದ ಪಕ್ಕದಲ್ಲಿ ಕೂತವನಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಅದನ್ನು ಯಾವ ಟ್ರೇನರೂ ಕೊಡಲಾರ. ಜತೆಯ ನೌಕರರೆಲ್ಲ ಸೇರಿ ಮಾಲೀಕರನ್ನು ಕೇಳಿ ಪಡೆಯತಕ್ಕದ್ದು ಅದು.

ಟ್ರೇನರ್‌ನನ್ನು ಆರಿಸುವಾಗ ಎರಡು ಮಾತು ನೆನಪಿಡಿ. ಮೊದಲ ದಿನವೇ ನಿಮ್ಮ ಕಾಯಿಲೆ, ಹಳೆಯ ನೋವುಗಳನ್ನು ವಿಚಾರಿಸುವವನು ಕೆಲಸ ಬಲ್ಲವನು. ಪುಡಿಯ ಡಬ್ಬಿ, ಚುಚ್ಚುಮದ್ದು ಮಾರಲು ಬಂದವನನ್ನು ಅಂದೇ ಬಿಡಿ. ಹೃದ್ರೋಗವಿರುವವರು, ಶಸ್ತ್ರಚಿಕಿತ್ಸೆಯಾದವರು ಮೊದಲು ವೈದ್ಯರ ಬಳಿಗೇ ಹೋಗಬೇಕು. ಹಾಗೆಯೇ, ನೀವು ಕೊಟ್ಟ ಶುಲ್ಕದಲ್ಲಿ ಟ್ರೇನರ್‌ನ ಕೈಗೆ ಸೇರುವುದೆಷ್ಟೆಂದು ಕೇಳಿರಿ, ಆತನೂ ದುಡಿಯುವವನೇ.

ಆ ತರುಣನಿಗೆ ನಾನು ಹೇಳಿದ್ದಿಷ್ಟು: "ವೈದ್ಯರನ್ನು ಕೇಳಿ, ಎರಡು ತಿಂಗಳಿಗೆ ಸೇರು. 8,000 ರೂಪಾಯಿ ಹೋಗಲಿ. ಹೇಳಿಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದುಕೋ. ಮೂರನೆಯ ತಿಂಗಳಿಂದ ನೀನೇ ಮಾಡು; ಅಂಗಡಿಯ ಗೆಳೆಯನಿಗೂ ಕಲಿಸು. ಅವನು ಕಾಯುತ್ತಿರುತ್ತಾನೆಂದಾದರೂ ನೀನು ಬೆಳಗ್ಗೆ ಏಳುತ್ತೀಯೆ."

ನಿಮಗೂ ನನ್ನ ಮಾತು ಇದೇ.